ನೆಪ್ಪು ದಾಖಲೆಯಲ್ಲ

ಎಐ ಸಹಾಯಕಗಳಿಗೆ ‘ಮೆಮೊರಿ’ ಬಂತು ಎಂಬ ಸುದ್ದಿಯ ಜೊತೆಗೆ ನಮ್ಮ ಪತ್ರಿಕೆಗಳಲ್ಲಿ ಒಂದೇ ವಿವರಣೆ ಮತ್ತೆ ಮತ್ತೆ ಅಚ್ಚಾಗುತ್ತದೆ. ಮನುಷ್ಯನಿಗೆ ಅಲ್ಪಾವಧಿ ನೆನಪು ಇದೆ, ದೀರ್ಘಾವಧಿ ನೆನಪು ಇದೆ; ಘಟನೆಗಳ ನೆನಪು ಬೇರೆ, ತಿಳಿವಳಿಕೆಯ ನೆನಪು ಬೇರೆ; ಯಂತ್ರಕ್ಕೂ ಇದೇ ಖಾನೆಗಳನ್ನು ಕಟ್ಟಿಕೊಟ್ಟರೆ ಅದು ನಮ್ಮಂತೆ ನೆನಪಿಟ್ಟುಕೊಳ್ಳುತ್ತದೆ, ನೆನಪಿಟ್ಟುಕೊಂಡರೆ ನಮ್ಮಂತೆ ಯೋಚಿಸುತ್ತದೆ. ಇದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಮನುಷ್ಯನ ನೆನಪು ಸೋರುವ ಗಡಿಗೆ, ಯಂತ್ರದ್ದು ಸೋರುವುದಿಲ್ಲ; ಆದ್ದರಿಂದ ನಮ್ಮ ವಿನ್ಯಾಸವನ್ನು ತೆಗೆದುಕೊಂಡು ನಮ್ಮ ದೋಷವನ್ನು ಬಿಟ್ಟರೆ ಆಯಿತು. ಈ ಎರಡು ಮಾತುಗಳಲ್ಲಿ ಒಂದನ್ನೂ ನಾನು ಒಪ್ಪಲಾರೆ. ನೆನಪಿನ ವಿಜ್ಞಾನವನ್ನು ಪ್ರೀತಿಯಿಂದ ಓದಿಕೊಂಡು ಬಂದವನು ನಾನು. ಶಹಾಪುರದ ಸುತ್ತಿನ ಹಳ್ಳಿಗಳಲ್ಲಿ ಹಾಡುವವರ ಹಿಂದೆ ಎಷ್ಟೋ ರಾತ್ರಿ ತಿರುಗಿದವನು ಕೂಡ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಪ್ರಚಲಿತ ವಿವರಣೆ ನಿಲ್ಲುವುದಿಲ್ಲ.

ಖಾನೆಗಳು ಎಲ್ಲಿಂದ ಬಂದವು ಎಂಬಲ್ಲಿಂದ ಶುರುಮಾಡುತ್ತೇನೆ. 19ನೇ ಶತಮಾನದಲ್ಲಿ ಚಾರ್ಲ್ಸ್ ಬ್ಯಾಬೇಜ್ ತಮ್ಮ ಅನಾಲಿಟಿಕಲ್ ಎಂಜಿನ್ನಿನ ಎರಡು ಮುಖ್ಯ ಭಾಗಗಳನ್ನು ‘ಸ್ಟೋರ್’ ಮತ್ತು ‘ಮಿಲ್’ ಎಂದು ಕರೆದರು. ನಮ್ಮ ಕಡೆಯ ಮಾತಿನಲ್ಲಿ ಹಗೇವು ಮತ್ತು ಗಿರಣಿ. ಹಗೇವಿನಲ್ಲಿ ಜೋಳ ತುಂಬುತ್ತೀರಿ, ಬೇಕಾದಾಗ ಅದೇ ಜೋಳ ತೆಗೆಯುತ್ತೀರಿ. ಪ್ರಾಮಾಣಿಕವಾದ ಹೆಸರು ಅದು. ಹಗೇವಿಗೆ ಯಾವುದೂ ನೆನಪಿರುತ್ತದೆ ಎಂದು ಯಾರೂ ಹೇಳುವುದಿಲ್ಲ. 1945ರ ಜೂನ್‌ನಲ್ಲಿ ಜಾನ್ ವಾನ್ ನಾಯ್ಮನ್ ಎಡ್ವ್ಯಾಕ್ ಯಂತ್ರದ ಕರಡು ವರದಿ ಬರೆದಾಗ ಭಾಷೆ ಬದಲಾಯಿತು. ಅವರ ಮುಂದೆ ಮೆಕಲಕ್ ಮತ್ತು ಪಿಟ್ಸ್ 1943ರಲ್ಲಿ ಪ್ರಕಟಿಸಿದ್ದ ನ್ಯೂರಾನಿನ ಗಣಿತ ಮಾದರಿ ಇತ್ತು. ಯಂತ್ರದ ಭಾಗಗಳು ಅವರ ಬರಹದಲ್ಲಿ ‘ಅಂಗ’ಗಳಾದವು, ಉಗ್ರಾಣ ‘ಮೆಮೊರಿ’ ಆಯಿತು. ಒಂದು ಎಂಜಿನಿಯರಿಂಗ್ ಸೌಕರ್ಯಕ್ಕೆ ಮನುಷ್ಯನ ಗುಣದ ಹೆಸರು ಬಿತ್ತು.

ಮುಂದಿನ ಹೆಜ್ಜೆಯನ್ನು ಪ್ರಚಲಿತ ವಿವರಣೆ ಹೇಳುವುದೇ ಇಲ್ಲ. 1968ರಲ್ಲಿ ರಿಚರ್ಡ್ ಆಟ್ಕಿನ್ಸನ್ ಮತ್ತು ರಿಚರ್ಡ್ ಶಿಫ್ರಿನ್ ಮನುಷ್ಯನ ನೆನಪಿಗೆ ತಮ್ಮ ಹೆಸರಾಂತ ಮಾದರಿಯನ್ನು ಕೊಟ್ಟರು: ಇಂದ್ರಿಯದ ಕ್ಷಣಿಕ ಖಾನೆ, ಅಲ್ಪಾವಧಿ ಖಾನೆ, ದೀರ್ಘಾವಧಿ ಖಾನೆ. ಅದರಲ್ಲಿ ಬದಲಾಗದ ರಚನೆಯನ್ನು ಅವರು ಕಂಪ್ಯೂಟರಿನ ಯಂತ್ರಭಾಗಕ್ಕೂ, ನಾವು ಬೇಕೆಂದು ಮಾಡುವ ಕ್ರಿಯೆಗಳನ್ನು ಪ್ರೋಗ್ರಾಮಿಗೂ ಹೋಲಿಸಿದರು. ಅಂದರೆ 1945ರಲ್ಲಿ ಮನುಷ್ಯನಿಂದ ಯಂತ್ರಕ್ಕೆ ಹೋದ ಮಾತು, 1968ರ ಹೊತ್ತಿಗೆ ಯಂತ್ರದ ಆಕಾರ ಹೊತ್ತುಕೊಂಡು ಮನುಷ್ಯನಿಗೆ ವಾಪಸಾಯಿತು. ಈಗ ಎಐ ಕಟ್ಟುವವರು ಮನೋವಿಜ್ಞಾನದ ಪುಸ್ತಕ ತೆರೆದು, ಮನುಷ್ಯನ ನೆನಪು ಹೀಗಿದೆ ಎಂದು ಆ ಖಾನೆಗಳನ್ನು ಮತ್ತೆ ಯಂತ್ರಕ್ಕೆ ತರುತ್ತಿದ್ದಾರೆ. ತಾವು ಮನುಷ್ಯನನ್ನು ನೋಡಿ ಬರೆಯುತ್ತಿದ್ದೇವೆ ಎಂದು ಅವರು ನಂಬಿದ್ದಾರೆ. ಅವರ ಮುಂದೆ ಇರುವುದು ಹಳೆಯ ಕಂಪ್ಯೂಟರಿನ ಚಿತ್ರ, ಮನುಷ್ಯನ ಅಂಗಿ ತೊಟ್ಟಿರುವುದು.

ಈ ಆಕ್ಷೇಪ ಅರ್ಧ ಅನ್ಯಾಯದ್ದು ಎಂಬುದೂ ನನಗೆ ಗೊತ್ತು. ಖಾನೆಗಳ ಮಾದರಿಗೆ ಪುರಾವೆ ಇಲ್ಲದಿಲ್ಲ. 1953ರಲ್ಲಿ ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆ ಒಳಗಾದ ಹೆನ್ರಿ ಮೊಲೈಸನ್ ಅವರ ಪ್ರಕರಣ ಎಲ್ಲರಿಗೂ ತಿಳಿದದ್ದೇ. ಕ್ಷಣದ ಮಾತುಕತೆ ಅವರಿಗೆ ಸಾಧ್ಯವಿತ್ತು, ಹಳೆಯ ಬದುಕಿನ ಬಹುಭಾಗ ಉಳಿದಿತ್ತು, ಹೊಸ ಘಟನೆ ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಒಳಗೆ ಬೇರೆ ಬೇರೆ ವ್ಯವಸ್ಥೆಗಳಿವೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆದರೆ ವ್ಯವಸ್ಥೆಗಳು ಹಲವು ಎಂಬುದು ಒಂದು ಮಾತು. ಆ ವ್ಯವಸ್ಥೆಗಳು ಇಟ್ಟದ್ದನ್ನು ಇಟ್ಟ ಹಾಗೆಯೇ ಕೊಡುವ ಕೋಣೆಗಳು ಎಂಬುದು ಇನ್ನೊಂದು. ಎರಡನೆಯದನ್ನು 1932ರಲ್ಲೇ ಕೇಂಬ್ರಿಡ್ಜಿನ ಫ್ರೆಡರಿಕ್ ಬಾರ್ಟ್ಲೆಟ್ ಮುರಿದುಹಾಕಿದ್ದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕತೆಯನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟು ಸಮಯ ಬಿಟ್ಟು ಬಿಟ್ಟು ಮತ್ತೆ ಮತ್ತೆ ಹೇಳಿಸಿದಾಗ, ಅವರಿಗೆ ಅಪರಿಚಿತವಾದದ್ದು ಉದುರಿತು, ಉಳಿದದ್ದು ಪರಿಚಿತವಾದದ್ದರ ಆಕಾರಕ್ಕೆ ತಿರುಗಿತು. ಕತೆಯಲ್ಲಿದ್ದ ಕ್ಯಾನೂ ಸಾದಾ ದೋಣಿಯಾಯಿತು. ನೆನಪು ಎಂದರೆ ಆಯಾ ಹೊತ್ತಿಗೆ ಕಟ್ಟುವುದು ಎಂದು ಬಾರ್ಟ್ಲೆಟ್ ತೋರಿಸಿದರು. ಎಐ ಲೋಕ 1968ನ್ನು ಓದಿತು, 1932ನ್ನು ಬಿಟ್ಟಿತು.

ಇಟ್ಟ ಹಾಗೆ ಸಿಗುವುದಕ್ಕೆ ಒಂದು, ಆಯಾ ಹೊತ್ತಿಗೆ ಕಟ್ಟಿಕೊಳ್ಳುವುದಕ್ಕೆ ಇನ್ನೊಂದು, ಹೀಗೆ ನಮ್ಮ ಮಾತಿನಲ್ಲಿ ಎರಡು ಹೆಸರಿವೆ: ದಾಖಲೆ ಮತ್ತು ನೆಪ್ಪು, ಅಂದರೆ ನೆನಪು. ಶಹಾಪುರದ ಮೊಬೈಲ್ ಅಂಗಡಿಯಲ್ಲಿ ‘ಮೆಮೊರಿ ಫುಲ್ ಆಗ್ಯಾದ’ ಎನ್ನುವ ಹುಡುಗ, ಮನೆಗೆ ಹೋಗಿ ತಾಯಿಗೆ ‘ನೆಪ್ಪು ಫುಲ್ ಆಗ್ಯಾದ’ ಎಂದು ಹೇಳುವುದಿಲ್ಲ. ‘ನೆಪ್ಪ ಹಾರಿತ್ತು’ ಎನ್ನುತ್ತಾನೆ. ಬರೆದಿಟ್ಟದ್ದು ದಾಖಲೆ, ಲೆಕ್ಕ, ಪಹಣಿ. ಅದನ್ನು ಕಪಾಟಿನಿಂದ ತೆಗೆಯಬಹುದು. ನೆಪ್ಪನ್ನು ತೆಗೆಯಲಾಗುವುದಿಲ್ಲ, ಅದು ಆಗುತ್ತದೆ: ‘ನನಗ ನೆಪ್ಪಾತು’. ಇಲ್ಲಿ ಮನುಷ್ಯ ಕರ್ತೃವಲ್ಲ, ಅವನಿಗೆ ಏನೋ ಒದಗಿಬರುತ್ತದೆ. ಇನ್ನು ‘ಮರೆ’ ಎಂಬ ಮಾತು ನೋಡಿ. ಮರೆತದ್ದಕ್ಕೂ ಅದೇ, ಪರದೆಯ ಮರೆಗೆ ಸರಿದದ್ದಕ್ಕೂ ಅದೇ. ಭಾಷೆಯ ಸಾಕ್ಷ್ಯವನ್ನು ವಿಜ್ಞಾನದ ಸಾಕ್ಷ್ಯ ಎಂದು ಒಪ್ಪಿಸುವ ಆತುರ ನನಗಿಲ್ಲ. ಆದರೆ 1966ರಲ್ಲಿ ಎಂಡೆಲ್ ಟಲ್ವಿಂಗ್ ಮತ್ತು ಝೀನಾ ಪರ್ಲ್‌ಸ್ಟೋನ್ ಮಾಡಿದ ಪ್ರಯೋಗ ಈ ಮಾತಿಗೆ ಬಹಳ ಹತ್ತಿರ ಬರುತ್ತದೆ. ಶಾಲೆಯ ಮಕ್ಕಳಿಗೆ ಗುಂಪು ಗುಂಪಾಗಿ ವಿಂಗಡಿಸಿದ ಪದಗಳನ್ನು ಕಲಿಸಿ ನೆನಪಿಸಿಕೊಳ್ಳಲು ಹೇಳಿದರು. ಗುಂಪಿನ ಹೆಸರನ್ನು ಸುಳಿವಾಗಿ ಕೊಟ್ಟಾಗ, ಸುಳಿವಿಲ್ಲದವರಿಗಿಂತ ಬಹಳ ಹೆಚ್ಚು ಪದಗಳು ಬಂದವು. ಪದಗಳು ಹೋಗಿರಲಿಲ್ಲ, ಮರೆಯಲ್ಲಿದ್ದವು. ಒಳಗೆ ಇರುವುದು ಬೇರೆ, ಕೈಗೆ ಸಿಗುವುದು ಬೇರೆ ಎಂಬ ಅವರ ಈ ವಿಂಗಡಣೆ ನೆನಪಿನ ವಿಜ್ಞಾನದ ಬಹು ದೊಡ್ಡ ಗಳಿಕೆ ಎಂದು ನಾನು ಭಾವಿಸುತ್ತೇನೆ.

ಪುಸ್ತಕದಲ್ಲಿ ಓದಿದ್ದ ಇದನ್ನು ಕಣ್ಣಿನಿಂದ ಕಂಡದ್ದು ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯ ಅಂಗಳದಲ್ಲಿ. ಹಂತಿ ಪದಗಳನ್ನು ಬಲ್ಲ ಒಬ್ಬ ಮುತ್ಯಾ ಇದ್ದಾರೆ ಎಂದು ಕೇಳಿ ಹೋಗಿದ್ದೆ. ಹಂತಿ ಎಂದರೇನು ಎಂದು ಈಗಿನ ಓದುಗರಿಗೆ ಒಂದು ಮಾತು ಹೇಳಬೇಕು. ಸಗಣಿ ಬಳಿದ ಕಣದ ನಡುವೆ ಮೇಟಿ ನೆಟ್ಟು, ಸಾಲಾಗಿ ಕಟ್ಟಿದ ಎತ್ತುಗಳನ್ನು ಅದರ ಸುತ್ತ ತಿರುಗಿಸಿ ಜೋಳದ ತೆನೆ ತುಳಿಸುವುದು ಹಂತಿ. ರಾತ್ರಿಯೆಲ್ಲ ನಡೆಯುವ ಕೆಲಸ. ಎತ್ತಿನ ಹಿಂದೆ ತಿರುಗುವವನು ನಿದ್ದೆಗೆ ಬೀಳದಂತೆ, ಎತ್ತಿನ ಕಾಲು ನಿಲ್ಲದಂತೆ ಹಾಡು. ಒಬ್ಬ ಎತ್ತಿಕೊಟ್ಟರೆ ಉಳಿದವರು ಹಿಂದಿನಿಂದ ಹಿಡಿಯುತ್ತಾರೆ. ಮುತ್ಯಾ ಕಟ್ಟೆಯ ಮೇಲೆ ಕುಳಿತು, ನನ್ನ ಮೊಬೈಲು ಮುಂದಿಟ್ಟುಕೊಂಡು ಎರಡು ನುಡಿ ಹಾಡಿದರು. ಮೂರನೆಯ ನುಡಿಗೆ ನಿಂತರು. ಮತ್ತೆ ಮೊದಲಿನಿಂದ ಶುರುಮಾಡಿದರು, ಮತ್ತೆ ಅಲ್ಲೇ ನಿಂತರು. ಹಣೆಯ ಮೇಲೆ ಬೆವರು ಬಂತು. ನನಗೆ ಕೇಳಿದ್ದೇ ತಪ್ಪಾಯಿತೇನೋ ಅನ್ನಿಸಿ, ‘ಇರ್ಲಿ ಬಿಡು ಮುತ್ಯಾ’ ಅಂದೆ.

‘ಕುಂತ್ರ ಬರಂಗಿಲ್ಲ ತಮ್ಮಾ. ಕಾಲು ತಿರುಗಬೇಕದಕ್ಕ’ ಎಂದು ಅವರು ಎದ್ದರು. ಅಂಗಳದ ನಡುವೆ ಚಪ್ಪರಕ್ಕೆ ಕೊಟ್ಟ ಒಂದು ಕಂಬವಿತ್ತು. ಎಡಗೈಯನ್ನು ಎತ್ತಿನ ಬೆನ್ನಿನ ಎತ್ತರಕ್ಕೆ ಚಾಚಿ, ಬಲಗೈಯಲ್ಲಿ ಇಲ್ಲದ ಬಾರುಕೋಲು ಹಿಡಿದು, ಅವರು ಕಂಬವನ್ನು ಸುತ್ತತೊಡಗಿದರು. ಮೂರನೆಯ ಸುತ್ತಿಗೆ ಮೂರನೆಯ ನುಡಿ ಬಂತು. ಬಂದದ್ದು ತಡೆಯಲಿಲ್ಲ. ನಡುನಡುವೆ ಎತ್ತಿಗೆ ಕೂಗುವ ಕೂಗು ಕೂಡ ಬಂತು, ಅದು ಹಾಡಿನ ಭಾಗವೇ ಎಂಬಂತೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ಹಿಮ್ಮೇಳ ಹಿಡಿದರು. ಆಕೆ ಒಂದು ಕಡೆ ಬೇರೆ ಪದ ಹೇಳಿದಾಗ ಮುತ್ಯಾ ತಲೆಯಾಡಿಸಿ ಆಕೆಯ ಪದವನ್ನೇ ತೆಗೆದುಕೊಂಡು ಮುಂದೆ ಹೋದರು.

ಆ ಹಾಡು ಎಲ್ಲಿತ್ತು? ಮುತ್ಯಾನ ತಲೆಯಲ್ಲಿ ಎಂದರೆ ಕಟ್ಟೆಯ ಮೇಲೆ ಯಾಕೆ ಬರಲಿಲ್ಲ ಎಂದು ಹೇಳಬೇಕಾಗುತ್ತದೆ. ಕಾಲಿನಲ್ಲಿ, ಕಂಬದಲ್ಲಿ, ಅಜ್ಜಿಯ ದನಿಯಲ್ಲಿ ಅಷ್ಟಷ್ಟು ಇತ್ತು. ಅವೆಲ್ಲ ಕೂಡಿದಾಗ ಆಯಿತು. ಇದಕ್ಕೆ ಬೆಂಬಲವಾಗಿ ಎಲ್ಲರೂ ಹೇಳುವ ಪ್ರಯೋಗ 1975ರ ಗಾಡನ್ ಮತ್ತು ಬ್ಯಾಡ್ಲಿಯವರದು: ನೀರಿನಡಿ ಕಲಿತ ಪದಗಳು ಮುಳುಗುಗಾರರಿಗೆ ನೀರಿನಡಿಯಲ್ಲೇ ಚೆನ್ನಾಗಿ ನೆನಪಾದವು. ಅದನ್ನು ನಾನು ದೊಡ್ಡ ಆಧಾರವಾಗಿ ಎತ್ತಿ ಹಿಡಿಯುವುದಿಲ್ಲ, ಯಾಕೆಂದರೆ 2021ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ಆ ಫಲಿತಾಂಶ ಸಿಗಲಿಲ್ಲ. ಜಾಗ ಅದೇ ಇದ್ದ ಮಾತ್ರಕ್ಕೆ ನೆನಪು ಬರುತ್ತದೆ ಎನ್ನಲಾಗುವುದಿಲ್ಲ. ಮುತ್ಯಾನಿಗೆ ಕಂಬ ಬರೀ ಜಾಗವಾಗಿರಲಿಲ್ಲ, ಕೆಲಸದ ಅಳತೆಯಾಗಿತ್ತು. ಹಾಡಿನ ಒಂದು ನುಡಿಗೆ ಕಾಲಿನ ಒಂದು ಸುತ್ತು.

ಕೆಲಸ ಹೋದಾಗ ನೆಪ್ಪೂ ಹೋಯಿತು. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯ ನೀರು ನಮ್ಮ ತಾಲ್ಲೂಕಿಗೆ ಬಂದ ಮೇಲೆ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಜೋಳ ಉಳಿದ ಕಡೆ ರಾಶಿ ಮಷೀನು ಬಂತು. ನೀರು ಬಂದದ್ದರ ಬಗ್ಗೆ ನನಗೆ ದೂರಿಲ್ಲ. ಗುಳೆ ಹೋಗುತ್ತಿದ್ದ ಮನೆಗಳಿಗೆ ಅದು ಅನ್ನ ಕೊಟ್ಟಿದೆ. ಹೇಳುವುದಿಷ್ಟೇ: ಹಂತಿ ಪದ ಹಾಡುವವರ ಮೆದುಳು ಕೆಡಲಿಲ್ಲ, ಅವರ ದೀರ್ಘಾವಧಿ ಖಾನೆ ಸೋರಲಿಲ್ಲ. ಕರೆಯುವ ಸಂದರ್ಭ ಹೋಯಿತು. ನೆನಪನ್ನು ಉಗ್ರಾಣವೆಂದು ತಿಳಿದವರಿಗೆ ಈ ಬಗೆಯ ಮರೆವು ಅರ್ಥವಾಗುವ ದಾರಿಯೇ ಇಲ್ಲ.

ಸೋರುವ ಗಡಿಗೆ ಎಂಬ ಎರಡನೆಯ ಮಾತಿಗೆ ಬರುತ್ತೇನೆ. ಬಾಯಿಂದ ಬಾಯಿಗೆ ಹೋದದ್ದು ಕೆಡುತ್ತದೆ, ಬರೆದದ್ದು ಕೆಡುವುದಿಲ್ಲ ಎಂಬ ನಂಬಿಕೆ ವಿದ್ಯಾವಂತರಲ್ಲಿ ಆಳವಾಗಿದೆ. ಆದರೆ ಬಾಯಿಪಾಠಕ್ಕೆ ತನ್ನದೇ ಕಾವಲುಗಳಿವೆ. ಸಾಲಿನ ಎರಡನೆಯ ಅಕ್ಷರ ಪ್ರತಿ ಸಾಲಿನಲ್ಲೂ ಹೊಂದಬೇಕು ಎಂಬ ಆದಿಪ್ರಾಸ ಇದೆಯಲ್ಲ, ಅದನ್ನು ನಾವು ಬರೀ ಅಲಂಕಾರ ಎಂದು ಕಲಿಸುತ್ತೇವೆ. ಹಾಡುವವನಿಗೆ ಅದು ಕಾವಲು. ಒಂದು ಪದ ಅದಲುಬದಲಾದರೆ ಪ್ರಾಸ ಕೆಟ್ಟು ಕಿವಿಗೆ ತಾಗುತ್ತದೆ, ತಾಳ ಕುಂಟುತ್ತದೆ, ಕೊನೆಯ ಅಂಕಿತ ಬೇರೆಯಾದರೆ ಇದು ಕಡಕೋಳ ಮಡಿವಾಳಪ್ಪನವರ ತತ್ವಪದವಲ್ಲ ಎಂದು ಭಜನೆಯಲ್ಲಿ ಕುಳಿತವರು ತಡೆಯುತ್ತಾರೆ. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ದತ್ತಾಂಶದ ತಪ್ಪು ಹಿಡಿಯಲು, ತಿದ್ದಲು ಹೆಚ್ಚುವರಿ ಬಿಟ್‌ಗಳನ್ನು ಸೇರಿಸುವ ಸಂಕೇತಪದ್ಧತಿ ಪ್ರಕಟಿಸಿದರು. ತಪ್ಪನ್ನು ಹಿಡಿಯುವ ಮಟ್ಟಿಗೆ ಪ್ರಾಸದ ಕೆಲಸವೂ ಅದೇ ಜಾತಿಯದು: ಅರ್ಥಕ್ಕೆ ಬೇಡದ, ಕಾವಲಿಗೆ ಬೇಕಾದ ಹೆಚ್ಚುವರಿ.

ಇದಕ್ಕೆ ಎದುರುವಾದವಿದೆ, ಬಲವಾದದ್ದೇ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯದ ಗಾಯಕರನ್ನು ಧ್ವನಿಮುದ್ರಿಸಿಕೊಂಡರು. ಒಂದಕ್ಷರವೂ ಬದಲಾಗಿಲ್ಲ ಎಂದು ಗಾಯಕರು ಹೇಳುತ್ತಿದ್ದ ಹಾಡುಗಳು ಪ್ರತಿ ಸಲವೂ ಬೇರೆಯಾಗಿದ್ದವು. ಅಜ್ಜಿಯ ಪದವನ್ನು ತೆಗೆದುಕೊಂಡ ಮುತ್ಯಾ ಕೂಡ ಅದನ್ನೇ ಮಾಡಿದರು. ಒಪ್ಪುತ್ತೇನೆ. ಆದರೆ ಎಲ್ಲಿ ಬದಲಾಯಿತು, ಎಲ್ಲಿ ಬದಲಾಗಲಿಲ್ಲ ಎಂದು ನೋಡಬೇಕು. ಪ್ರಾಸದ ಅಕ್ಷರ, ಅಂಕಿತ, ಪಲ್ಲವಿ ಕದಲುವುದಿಲ್ಲ. ನಡುವಿನ ವರ್ಣನೆ ಹಿಗ್ಗುತ್ತದೆ, ಕುಗ್ಗುತ್ತದೆ. ಯಾವುದು ನಿಲ್ಲಬೇಕು, ಯಾವುದು ಸಡಿಲವಿರಬೇಕು ಎಂಬ ವಿವೇಕ ಈ ನೆನಪಿನೊಳಗೇ ಇದೆ. ಸೋರಿಕೆ ಎಂದು ಅದನ್ನು ಕರೆಯುವುದು ವಿಮರ್ಶೆಯ ಸೋಮಾರಿತನ.

ಯಂತ್ರದ ಮೆಮೊರಿ ಸೋರುವುದಿಲ್ಲ ಎಂಬುದೂ ನಿಜವಲ್ಲ. ನಮ್ಮ ಕಂಪ್ಯೂಟರು, ಮೊಬೈಲುಗಳ ಕೆಲಸದ ಮೆಮೊರಿಯಾದ ಡಿರ‍್ಯಾಮ್‌ನಲ್ಲಿ ಪ್ರತಿ ಬಿಟ್ ಒಂದು ಸಣ್ಣ ಕೆಪ್ಯಾಸಿಟರಿನ ವಿದ್ಯುದಂಶ. ಅದು ಸೋರುತ್ತಲೇ ಇರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೆ ಒಮ್ಮೆ ಎಲ್ಲ ಸಾಲುಗಳನ್ನೂ ಓದಿ ಮತ್ತೆ ಬರೆಯದಿದ್ದರೆ ಅಲ್ಲಿದ್ದದ್ದು ಉಳಿಯುವ ಖಾತರಿಯಿಲ್ಲ. ಉಳಿಸಿಕೊಳ್ಳಬೇಕಾದರೆ ಯಂತ್ರವೂ ಕ್ಷಣಕ್ಷಣವೂ ಜಪ ಮಾಡಬೇಕು. ವ್ಯತ್ಯಾಸವಿರುವುದು ಮರುಬರವಣಿಗೆಯಲ್ಲಿ: ಯಂತ್ರ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತದೆ, ನಾವು ಈ ಹೊತ್ತಿನ ಅರ್ಥವನ್ನು ಸೇರಿಸಿ ಬರೆಯುತ್ತೇವೆ.

ದಾಖಲೆ ಅಚಲವಾಗಿ ನಿಂತರೂ ನೆಪ್ಪು ಅಳಿಯಬಹುದು ಎಂಬುದಕ್ಕೆ ನಮ್ಮ ಊರಿನ ಹತ್ತಿರದಲ್ಲೇ ಸಾಕ್ಷಿಯಿದೆ. ಶಹಾಪುರದಿಂದ ಕೆಲವೇ ಕಿಲೋಮೀಟರು ದೂರದ ವಿಭೂತಿಹಳ್ಳಿಯ ಬಯಲಿನಲ್ಲಿ ಬೃಹತ್ ಶಿಲಾಯುಗದ ಜನ ದೊಡ್ಡ ಗುಂಡುಗಳನ್ನು ಅಡ್ಡ ಸಾಲು, ಉದ್ದ ಸಾಲುಗಳಾಗಿ ಅಳತೆಯಿಟ್ಟು ಕೂರಿಸಿದ್ದಾರೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇದನ್ನು ಕಂಡು ಬರೆದಿದ್ದರು. ಈ ಸಾಲುಗಳು ವರ್ಷದ ಮುಖ್ಯ ದಿನಗಳ ಸೂರ್ಯೋದಯ, ಸೂರ್ಯಾಸ್ತಗಳ ದಿಕ್ಕಿಗೆ ಹೊಂದುತ್ತವೆ ಎಂದು ಖಗೋಳವಿಜ್ಞಾನಿ ಎನ್. ಕಾಮೇಶ್ವರ ರಾವ್ ವಾದಿಸಿದ್ದಾರೆ. ಆ ವಾದ ನಿಲ್ಲಬಹುದು, ಬೀಳಬಹುದು. ಅಲ್ಲಿ ನಿಂತಾಗ ನನಗೆ ಹೊಳೆದದ್ದು ಬೇರೆ. ಅಡ್ಡ ಸಾಲು, ಉದ್ದ ಸಾಲು, ಪ್ರತಿ ಕೂಡುವಿಕೆಗೂ ಒಂದು ಕಲ್ಲು: ಮೆಮೊರಿ ಚಿಪ್ಪಿನ ನಕ್ಷೆ ಇದೇ. ಇಟ್ಟವರು ಏನನ್ನು ಇಟ್ಟರು ಎಂದು ಓದುವ ಸಮುದಾಯ ಹೋಯಿತು, ಕಲ್ಲು ಉಳಿಯಿತು. ನಮ್ಮ ಸೀಮೆಯದೇ ಆದ ಕೊಡೇಕಲ್ಲಿನ ಕಾಲಜ್ಞಾನದ ವಚನಗಳನ್ನು ಇದರ ಪಕ್ಕದಲ್ಲಿಡಿ. ಅಮರಗನ್ನಡವೆಂಬ ಗೂಢ ಲಿಪಿಯಲ್ಲಿ ಬರೆದಿಟ್ಟಿದ್ದರೂ ಅವು ಇನ್ನೂ ಮಾತಾಡುತ್ತವೆ, ಯಾಕೆಂದರೆ ಆ ಲಿಪಿಯನ್ನು ಓದುವ ವಿದ್ಯೆಯನ್ನು ಪರಂಪರೆ ಕೈಬಿಡಲಿಲ್ಲ.

ಇಷ್ಟೆಲ್ಲ ಹೇಳಿ, ಮನುಷ್ಯನ ನೆನಪಿನಿಂದ ಯಂತ್ರ ಏನನ್ನೂ ಕಲಿಯಬಾರದು ಎಂದು ಮುಗಿಸಿದರೆ ನನ್ನದು ಅಪ್ರಾಮಾಣಿಕ ವಿಮರ್ಶೆಯಾಗುತ್ತದೆ. ಕಲಿತದ್ದು ಬಹಳಿದೆ, ಫಲಿಸಿದ್ದೂ ಇದೆ. 1982ರಲ್ಲಿ ಜಾನ್ ಹಾಪ್‌ಫೀಲ್ಡ್ ಕೊಟ್ಟ ನೆಟ್‌ವರ್ಕ್ ವಿಳಾಸ ಕೇಳುವುದಿಲ್ಲ. ತುಣುಕು ಕೊಟ್ಟರೆ ಇಡಿಯನ್ನು ತಾನೇ ತುಂಬಿಕೊಡುತ್ತದೆ. 2024ರ ಭೌತವಿಜ್ಞಾನದ ನೊಬೆಲ್ ಅವರಿಗೂ ಜೆಫ್ರಿ ಹಿಂಟನ್ ಅವರಿಗೂ ಬಂತು. ಈ ಕೆಲಸವನ್ನು ಶಹಾಪುರದವರಿಗೆ ವಿವರಿಸುವುದು ಸುಲಭ. ನಮ್ಮ ಊರ ಬೆಟ್ಟಸಾಲನ್ನು ಒಂದು ಕೋನದಿಂದ ನೋಡಿದಾಗ ಬುದ್ಧ ಮಲಗಿದಂತೆ ಕಾಣುತ್ತದೆ: ಹಣೆ, ಮೂಗು, ಎದೆ, ಚಾಚಿದ ಕಾಲು. ಬಂಡೆಗಳು ಕೊಡುವುದು ನಾಲ್ಕು ಗೆರೆ. ಉಳಿದ ಬುದ್ಧನನ್ನು ಕಣ್ಣು ತುಂಬುತ್ತದೆ. ಹಾಪ್‌ಫೀಲ್ಡ್ ನೆಟ್‌ವರ್ಕ್ ಮಾಡುವುದು ಇದನ್ನೇ. ಅದರ ಮಿತಿಯೂ ಇಲ್ಲೇ ಕಾಣುತ್ತದೆ. ನೂರು ನ್ಯೂರಾನುಗಳಿಗೆ ಸುಮಾರು ಹದಿನಾಲ್ಕಕ್ಕಿಂತ ಹೆಚ್ಚು ಚಿತ್ರಗಳನ್ನು ತುರುಕಿದರೆ ಅದು ಕುಸಿಯುತ್ತದೆ. ಯಾರೂ ಕಲಿಸದ ಹುಸಿ ಚಿತ್ರಗಳನ್ನು ಕೂಡ ಅದು ‘ನೆನಪಿಸಿಕೊಳ್ಳುತ್ತದೆ’. ತುಂಬಿಕೊಡುವ ಶಕ್ತಿ ಮತ್ತು ಇಲ್ಲದ್ದನ್ನು ಕಾಣುವ ಶಕ್ತಿ ಒಂದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಪೂರ್ತಿ ಕಳೆಯುತ್ತೇವೆ ಎನ್ನುವವರನ್ನು ನಾನು ನಂಬುವುದಿಲ್ಲ.

ಇನ್ನೊಂದು ಯಶಸ್ಸು ಮೆಕ್‌ಲೆಲಂಡ್, ಮೆಕ್‌ನಾಟನ್ ಮತ್ತು ಒ’ರೈಲಿ ಅವರ 1995ರ ಸಿದ್ಧಾಂತ. ಮೆದುಳಿನಲ್ಲಿ ಬೇಗ ಕಲಿಯುವ ಒಂದು ವ್ಯವಸ್ಥೆ, ನಿಧಾನಕ್ಕೆ ಕಲಿಯುವ ಇನ್ನೊಂದು. ಬೇಗ ಕಲಿತದ್ದನ್ನು ಮೊದಲನೆಯದು ಎರಡನೆಯದಕ್ಕೆ ಮತ್ತೆ ಮತ್ತೆ ಆಡಿ ತೋರಿಸುತ್ತದೆ. ಕೃತಕ ನರಜಾಲಗಳು ಹೊಸದನ್ನು ಕಲಿತಾಗ ಹಳೆಯದನ್ನು ಒಮ್ಮೆಗೇ ಅಳಿಸಿಕೊಳ್ಳುತ್ತವೆ ಎಂಬುದು 1989ರಿಂದ ಗೊತ್ತಿದ್ದ ಸಂಕಟ. ಹಳೆಯ ಅನುಭವಗಳನ್ನು ಬೆರೆಸಿ ಮರುಆಡುವ ತಂತ್ರ ಆ ಸಂಕಟವನ್ನು ತಗ್ಗಿಸಿತು. 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಡೀಪ್‌ಮೈಂಡ್ ಯಂತ್ರ 49 ಅಟಾರಿ ಆಟಗಳನ್ನು ಕಲಿತದ್ದರಲ್ಲಿ ಅದರ ಪಾಲು ದೊಡ್ಡದು. ಈ ಎರಡೂ ಯಶಸ್ಸುಗಳಲ್ಲಿ ಎರವಲು ಬಂದದ್ದು ಖಾನೆಯ ಹೆಸರಲ್ಲ, ಕ್ರಿಯೆ: ತುಣುಕಿನಿಂದ ಇಡಿ, ಮತ್ತೆ ಮತ್ತೆ ಆಡುವುದು. ಖಾನೆಯ ಹೆಸರು ತಂದಲ್ಲೆಲ್ಲ ಬಂದದ್ದು ಹೆಸರು ಮಾತ್ರ.

ಅದಕ್ಕೆ ಉದಾಹರಣೆಯಾಗಿ ಬಹಳ ಹೊಗಳಿಸಿಕೊಂಡ 2023ರ ‘ಜನರೇಟಿವ್ ಏಜೆಂಟ್ಸ್’ ಪ್ರಬಂಧವನ್ನೇ ತೆಗೆದುಕೊಳ್ಳಿ. ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್‌ನ ಸಂಶೋಧಕರು 25 ಕೃತಕ ಪಾತ್ರಗಳ ಒಂದು ಊರು ಕಟ್ಟಿದರು. ಪ್ರತಿ ಪಾತ್ರಕ್ಕೂ ಅನುಭವಗಳ ಒಂದು ಪಟ್ಟಿ. ಮಾತಾಡುವ ಮುನ್ನ ಅದರಿಂದ ಆಯ್ದುಕೊಳ್ಳಲು ಮೂರು ಅಂಕ: ಎಷ್ಟು ಹೊಸದು, ಎಷ್ಟು ಮುಖ್ಯ, ಈಗಿನ ಮಾತಿಗೆ ಎಷ್ಟು ಹತ್ತಿರ. ಕೆಲಸದ ಜಾಣತನವನ್ನು ನಾನು ಮೆಚ್ಚುತ್ತೇನೆ. ಆ ಪಾತ್ರಗಳು ಹಬ್ಬಕ್ಕೆ ಒಬ್ಬರನ್ನೊಬ್ಬರು ಕರೆದದ್ದನ್ನು ಓದಿ ಸಂತೋಷವೂ ಆಗಿತ್ತು. ಆದರೆ ಇದು ಮನುಷ್ಯನ ನೆನಪಿನ ಮಾದರಿ ಎಂದಾಗ ತಕರಾರು. ಅನುಭವ ಎಷ್ಟು ಮುಖ್ಯ ಎಂದು ಒಂದರಿಂದ ಹತ್ತರೊಳಗೆ ಅಂಕ ಹಾಕುವುದು ಭಾಷಾ ಮಾದರಿಯೇ, ಅನುಭವ ಪಟ್ಟಿಗೆ ಸೇರುವ ಹೊತ್ತಿಗೇ. ನಮ್ಮ ಬದುಕಿನಲ್ಲಿ ಯಾವುದು ಮುಖ್ಯವಾಗಿತ್ತು ಎಂದು ತಿಳಿಯುವುದು ಎಷ್ಟೋ ವರ್ಷದ ಮೇಲೆ. ತಂದೆ ಊರಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ ಒಂದು ಸಾದಾ ಮಾತು ಅವರು ತೀರಿಕೊಂಡ ಮೇಲೆ ಹತ್ತಕ್ಕೆ ಹತ್ತಾಗುತ್ತದೆ. ಅಲ್ಲಿ ಮರೆವು ಕೂಡ ಗಡಿಯಾರದ ಲೆಕ್ಕ: ಕೊನೆಯ ಸಲ ತೆಗೆದು ನೋಡಿ ಎಷ್ಟು ಗಂಟೆಯಾಯಿತೋ ಅಷ್ಟು ಮಾಸುವುದು. ಹಂತಿ ಪದ ಗಂಟೆ ಕಳೆದದ್ದಕ್ಕೆ ಮಾಸಲಿಲ್ಲ. ಕಣ ಹೋದದ್ದಕ್ಕೆ ಮರೆಯಾಯಿತು. ಒಂದು ಕಂಬ ಸಿಕ್ಕಾಗ ಅಷ್ಟೂ ವಾಪಸು ಬಂತು.

ವಿಮಾನ ರೆಕ್ಕೆ ಬಡಿಯುವುದಿಲ್ಲ, ಆದರೂ ಹಾರುತ್ತದೆ ಎಂದು ಎಂಜಿನಿಯರ್ ಮಿತ್ರರು ಹೇಳುತ್ತಾರೆ. ಮನುಷ್ಯನಂತಿಲ್ಲದಿದ್ದರೆ ಏನು, ಕೆಲಸ ಮಾಡಿದರೆ ಸಾಲದೆ? ಸಾಕು, ಹೆಸರನ್ನೂ ಹಾಗೇ ಇಟ್ಟರೆ. ‘ಹುಡುಕುವ ಸೌಕರ್ಯವಿರುವ ಟಿಪ್ಪಣಿ ಪುಸ್ತಕ’ ಎಂದರೆ ನನ್ನ ವಾದ ಇಲ್ಲಿಗೇ ಮುಗಿಯುತ್ತದೆ. ಆದರೆ ‘ಇದು ನಿಮ್ಮನ್ನು ನೆನಪಿಟ್ಟುಕೊಳ್ಳುತ್ತದೆ’ ಎಂದು ಹೇಳಿ ಜನರ ಮನೆಗೆ ಕೊಡುವಾಗ, ಟಿಪ್ಪಣಿ ಪುಸ್ತಕಕ್ಕೆ ಸಲ್ಲದ ಒಂದು ವಿಶ್ವಾಸವನ್ನು ಹೆಸರಿನ ಬಲದಿಂದ ಪಡೆಯುತ್ತಿದ್ದಾರೆ.

ಈ ಗೊಂದಲದ ಪೆಟ್ಟು ಎಲ್ಲಿ ಬೀಳುತ್ತದೆ ಎಂದರೆ ನಮ್ಮಂಥ ಊರುಗಳ ಮೇಲೆ. ಒಮ್ಮೆ ಒಂದು ಎಐ ಸಹಾಯಕವನ್ನು ಮಡಿವಾಳಪ್ಪನವರ ತತ್ವಪದ ಕೇಳಿದೆ. ತಡವಿಲ್ಲದೆ ಕೊಟ್ಟಿತು. ಗುರು, ಅರಿವು, ದೇಹದ ರೂಪಕ ಎಲ್ಲ ಇದ್ದವು. ಮೂರನೆಯ ಸಾಲಿನಲ್ಲಿ ಪ್ರಾಸ ಮುರಿದಿತ್ತು, ಅಂಕಿತದ ಜಾಗದಲ್ಲಿ ಅವರು ಬಳಸದ ಮಾತಿತ್ತು. ಅಂಥ ಪದವೇ ಇಲ್ಲ. ಬೆಟ್ಟದಲ್ಲಿ ಬುದ್ಧನನ್ನು ಕಂಡಂತೆ, ನಾಲ್ಕು ಗೆರೆಯಿಂದ ಇಡೀ ಪದವನ್ನು ಯಂತ್ರ ತುಂಬಿತ್ತು. ಅದು ತುಂಬಿದ್ದು ನನಗೆ ಅಪರಾಧವಾಗಿ ಕಾಣುವುದಿಲ್ಲ. ಬಾರ್ಟ್ಲೆಟ್‌ನ ಓದುಗರೂ ತುಂಬಿದ್ದರು, ಮುತ್ಯಾನೂ ತುಂಬಿದರು. ಆದರೆ ಮುತ್ಯಾ ಹಾಡುವಾಗ ಬಾಗಿಲಲ್ಲಿ ಅಜ್ಜಿ ಇದ್ದರು. ಭಜನೆಯಲ್ಲಿ ತಾಳ ಹಿಡಿದವರು ಇರುತ್ತಾರೆ. ನನ್ನ ಮೊಬೈಲಿನಲ್ಲಿ ಯಂತ್ರ ಒಂಟಿಯಾಗಿ ಹಾಡಿತ್ತು, ಅದೂ ದಾಖಲೆಯ ದನಿಯಲ್ಲಿ.

ದಾಖಲೆಯ ದನಿ ಎಂದರೇನು ಎಂದು ಕರ್ನಾಟಕದ ರೈತರಿಗೆ ಚೆನ್ನಾಗಿ ಗೊತ್ತು. 2000ದ ಸುಮಾರಿಗೆ ಜಾರಿಗೆ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಅಲ್ಲಿ ಬೇಕಾದದ್ದು ಹಗೇವೇ. ಸರ್ವೆ ನಂಬರಿನ ಎಕರೆ, ಗುಂಟೆಗಳು ಹಾಕಿದ ಹಾಗೆಯೇ ಹೊರಬರಬೇಕು. ಅರ್ಥಕ್ಕೆ ತಕ್ಕಂತೆ ಹಿಗ್ಗುವ ಪಹಣಿ ಯಾರಿಗೂ ಬೇಡ. ಆದರೆ ಅದೇ ಹೊಲದ ಬಾಂದುಗಲ್ಲಿನ ಬಳಿ ಅಜ್ಜ ಯಾಕೆ ಬೇವಿನ ಗಿಡ ನೆಟ್ಟ ಎಂಬುದು ಪಹಣಿಯ ಯಾವ ಕಾಲಮಿನಲ್ಲೂ ಬರುವುದಿಲ್ಲ. ಅದನ್ನು ಕೇಳಲು ಹೊಲಕ್ಕೇ ಹೋಗಬೇಕು, ಅಜ್ಜನ ಜೊತೆ ಬದುವಿನ ಮೇಲೆ ನಡೆಯಬೇಕು. ಎರಡೂ ಬೇಕು, ಎರಡೂ ಬೇರೆ. ಇವತ್ತಿನ ಭಾಷಾ ಮಾದರಿಯೊಳಗೂ ಈ ಎರಡೂ ಇವೆ: ತರಬೇತಿಯಲ್ಲಿ ನರಜಾಲಕ್ಕೆ ಇಳಿದದ್ದು ನೆಪ್ಪಿನ ಜಾತಿಯದು, ಪ್ರಶ್ನೆ ಬಂದಾಗ ಹೊರಗಿನ ಕಡತದಿಂದ ಎತ್ತಿ ತಂದದ್ದು ದಾಖಲೆಯ ಜಾತಿಯದು. ಎರಡೂ ಒಂದೇ ಬಾಯಿಂದ, ಒಂದೇ ಧೈರ್ಯದಿಂದ ಹೊರಬರುತ್ತವೆ. ಅಲ್ಪಾವಧಿ, ದೀರ್ಘಾವಧಿ ಎಂದು ಖಾನೆಗಳನ್ನು ಹೆಚ್ಚಿಸುವ ಬದಲು, ಇದು ಕಡತದಿಂದ ಬಂದದ್ದು, ಇದು ನನಗೆ ಹೀಗಿತ್ತು ಅನ್ನಿಸಿದ್ದು ಎಂದು ಬೇರೆ ಬೇರೆ ದನಿಯಲ್ಲಿ ಹೇಳುವುದನ್ನು ಯಂತ್ರಕ್ಕೆ ಮೊದಲು ಕಲಿಸಬೇಕೆಂದು ನಾನು ವಾದಿಸುತ್ತೇನೆ. ನಮ್ಮ ಹಿರಿಯರು ಸಾಕ್ಷಿ ಹೇಳುವಾಗ ಪಾಲಿಸುತ್ತಿದ್ದ ಮರ್ಯಾದೆ ಅದು: ‘ಕಂಡದ್ದು’ ಎಂದು ಒಂದನ್ನು ಹೇಳುತ್ತಿದ್ದರು, ‘ಕೇಳಿದ್ದು’ ಎಂದು ಇನ್ನೊಂದನ್ನು.

ಹಂತಿ ಪದ ಧ್ವನಿಮುದ್ರಿಸಿದ ಎರಡು ವಾರದ ಮೇಲೆ ಮತ್ತೆ ಆ ಅಂಗಳಕ್ಕೆ ಹೋದೆ. ಮೊಬೈಲಿನಲ್ಲಿ ಹಾಡು ಹಚ್ಚಿ ಮುತ್ಯಾನ ಕೈಗೆ ಕೊಟ್ಟೆ. ಕಿವಿಗೆ ಹಿಡಿದು ಕೇಳಿದರು. ನಾಲ್ಕನೆಯ ನುಡಿಗೆ ಬಂದಾಗ ಮುಖ ಕಿವುಚಿ, ‘ಇಲ್ಲಿ ತಪ್ಪ್ಯಾದ, ನಿಂದಿರಸಿದನ’ ಎಂದರು. ನಿಲ್ಲಿಸಿದೆ. ಮೊಬೈಲು ಕಟ್ಟೆಯ ಮೇಲಿಟ್ಟು, ಕಂಬದ ಕಡೆ ನಡೆದು, ಎಡಗೈ ಚಾಚಿ ಸುತ್ತತೊಡಗಿದರು. ನಾಲ್ಕನೆಯ ನುಡಿಗೆ ಬಂದಾಗ, ಆ ದಿನ ನನ್ನ ಮೊಬೈಲಿಗೆ ಬೀಳದೇ ಹೋದ ಎರಡು ಸಾಲು ಹಾಡಿದರು. ನಾನು ಮತ್ತೆ ರೆಕಾರ್ಡಿಂಗ್ ಒತ್ತಲು ಎದ್ದಾಗ ಒಳಗಿನಿಂದ ಅಜ್ಜಿ, ‘ಅದ್ನ ಬಿಡೋ ತಮ್ಮಾ, ಬಾ, ಹಿಂದ ಹಿಡಿ’ ಎಂದು ಕರೆದರು.